ಭದ್ರಾವತಿಯ ವಸತಿ: ಕಾರ್ಖಾನೆಯ ಬಿಡಾರದಿಂದ ಸ್ವಂತ ಮನೆಯವರೆಗೆ

ಶಿವಮೊಗ್ಗ ನಗರದಲ್ಲಿಯೂ ಅದಕ್ಕೆ ಅನತಿದೂರದಲ್ಲಿರುವ ಭದ್ರಾವತಿಯಲ್ಲಿಯೂ ‘ಹೊಸಮನೆ’ ಎಂಬ ಹೆಸರಿನ ಬಡಾವಣೆಗಳಿವೆ. ಆ ಹೆಸರಿನ ಮೂಲವನ್ನು ಶೋಧಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಅದು ನೆನಪಿಗೆ ತರುವ ಪ್ರಶ್ನೆಯೊಂದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ಅಲ್ಪ ವರಮಾನದ ಕುಟುಂಬವೊಂದಕ್ಕೆ ಹೊಸಮನೆ ದೊರೆಯಬೇಕಾದರೆ ಯಾರ ನೆರವು ಬೇಕಾಯಿತು? ಆ ನೆರವು ಮುಗಿದ ಬಳಿಕ ಅದರ ಕೈಯಲ್ಲಿ ಉಳಿದುದೇನು? ಕಳೆದ ನೂರು ವರ್ಷಗಳಲ್ಲಿ ಈ ಪ್ರಶ್ನೆಗೆ ನಮ್ಮ ನಾಡು ಕಂಡುಕೊಂಡ ಉತ್ತರಗಳು ಮುಖ್ಯವಾಗಿ ಮೂರು: ಉದ್ಯೋಗದಾತನು ಕೊಡುವ ಬಿಡಾರ, ಸಾಲದಿಂದ ಕಟ್ಟಿಕೊಳ್ಳುವ ಮನೆ, ಸರ್ಕಾರವು ನೀಡುವ ನಿವೇಶನ. ಈ ಮೂರರ ಗುಣದೋಷಗಳನ್ನು ಅರಿಯಲು ಭದ್ರಾವತಿಯಷ್ಟು ಸ್ಪಷ್ಟವಾದ ನಿದರ್ಶನವು ವಿರಳವೆಂದು ನಮಗೆ ತೋರುತ್ತದೆ.

ಮೊದಲಿಗೆ ಊರಿನ ಬೆಳವಣಿಗೆಯನ್ನು ನೋಡೋಣ. ಇಂದಿನ ಭದ್ರಾವತಿಯು ಹಿಂದೆ ಬೆಂಕಿಪುರವೆಂಬ ಹೆಸರಿನ ಸಣ್ಣ ಊರಾಗಿದ್ದಿತು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವು ಅದರ ಪ್ರಾಚೀನತೆಗೆ ಸಾಕ್ಷಿ. ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡಿನ ಕಾಡಿನ ಇದ್ದಿಲನ್ನೂ ಭದ್ರಾ ನದಿಯ ನೀರನ್ನೂ ಬಳಸಿ ಕಬ್ಬಿಣವನ್ನು ತಯಾರಿಸುವ ಯೋಜನೆಯು ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ರೂಪುಗೊಂಡು, ೧೯೨೩ರ ಜನವರಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆಯು ಹೊತ್ತಿಕೊಂಡಿತು. ೧೯೩೬ರಲ್ಲಿ ಮೈಸೂರು ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ದೂರದೂರುಗಳಿಂದ ಬಂದ ಕೆಲಸಗಾರರಿಗೆ ಈ ಸಣ್ಣ ಊರಿನಲ್ಲಿ ಬಾಡಿಗೆಗೆ ಮನೆಗಳು ದೊರೆಯುವಂತಿರಲಿಲ್ಲ. ಆದುದರಿಂದ ಕಾರ್ಖಾನೆಯನ್ನು ಕಟ್ಟಿದವರೇ ಊರನ್ನೂ ಕಟ್ಟಬೇಕಾಯಿತು. ಹಳೆನಗರ, ನ್ಯೂಟೌನ್, ಪೇಪರ್‌ಟೌನ್, ಹೊಸಮನೆ ಎಂಬಿವು ಇಂದು ಅಲ್ಲಿಯ ಪೊಲೀಸು ಠಾಣೆಗಳ ಹೆಸರುಗಳು. ಇವುಗಳಲ್ಲಿ ನಡುವಣ ಎರಡು ಕಾರ್ಖಾನೆಗಳ ವಸಾಹತುಗಳಿಂದ ಹುಟ್ಟಿದವು.

ಕಾರ್ಖಾನೆಯ ಬಿಡಾರವು, ಜನರ ಮಾತಿನಲ್ಲಿ ಹೇಳುವುದಾದರೆ ಕ್ವಾರ್ಟರ್ಸು, ಕೆಲಸಗಾರನಿಗೆ ದೊಡ್ಡ ಉಪಕಾರವೇ ಆಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಮಾಡಿನ ಚಿಂತೆಯಿಲ್ಲದೆ ಅವನು ದುಡಿಯಬಹುದಾಗಿದ್ದಿತು. ಆದರೆ ಅದರ ಸ್ವರೂಪವನ್ನು ಮರೆಯಬಾರದು. ಮನೆಯು ಮನುಷ್ಯನಿಗೆ ದೊರೆತುದಲ್ಲ, ಅವನ ಕೆಲಸಕ್ಕೆ ದೊರೆತುದು. ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿ, ಅಂಗಳದಲ್ಲಿ ತೆಂಗು ನೆಟ್ಟು ಅದರ ಕಾಯಿ ಕಂಡವನು ಕೂಡ ನಿವೃತ್ತಿಯ ಬಳಿಕ ಬಾಡಿಗೆದಾರನೇ. ಬಿಡಾರದ ಜೊತೆಗೇ ನಿವೇಶನಕ್ಕೋ ಸಾಲಕ್ಕೋ ಪ್ರಯತ್ನಿಸಿದವರು ಪಾರಾದರು. ಬಿಡಾರವನ್ನೇ ಮನೆಯೆಂದು ಬಗೆದವರು ವೃದ್ಧಾಪ್ಯದಲ್ಲಿ ಮನೆಯನ್ನು ಅರಸತೊಡಗಬೇಕಾಯಿತು.

ಎರಡನೆಯ ಮಾರ್ಗವಾದ ಸಾಲದ ನೆರವು ಸ್ವಾತಂತ್ರ್ಯಾನಂತರ ವ್ಯವಸ್ಥಿತ ರೂಪವನ್ನು ತಾಳಿತು. ಮೈಸೂರು ಸಂಸ್ಥಾನದಲ್ಲಿ ೧೯೪೯ರ ಕಾರ್ಮಿಕ ವಸತಿ ಶಾಸನ, ೧೯೫೫ರ ಗೃಹಮಂಡಳಿ ಶಾಸನ, ೧೯೬೨ರ ಶಾಸನ ಹೀಗೆ ಒಂದರ ಹಿಂದೊಂದು ಬಂದು, ಇಂದಿನ ಕರ್ನಾಟಕ ಗೃಹಮಂಡಳಿಗೆ ಬುನಾದಿಯಾದವು. ಕೇಂದ್ರ ಸರ್ಕಾರವು ೧೯೫೨ರಲ್ಲಿ ಕೈಗಾರಿಕಾ ಕಾರ್ಮಿಕರಿಗಾಗಿ ಸಹಾಯಧನದ ವಸತಿ ಯೋಜನೆಯನ್ನೂ ೧೯೫೪ರಲ್ಲಿ ಅಲ್ಪ ವರಮಾನದವರ ವಸತಿ ಯೋಜನೆಯನ್ನೂ ಆರಂಭಿಸಿತು. ಮೊದಲನೆಯದು ಬಾಡಿಗೆಯ ಮನೆಗಳನ್ನು ಹೆಚ್ಚಿಸಿತು; ಎರಡನೆಯದೇ ಸ್ವಂತ ಮನೆಯ ಕಡೆಗೆ ಇಟ್ಟ ಹೆಜ್ಜೆ.

ಈ ಎರಡನೆಯ ಯೋಜನೆಯ ಲೆಕ್ಕವನ್ನು ಕೊಂಚ ಬಿಡಿಸಿ ನೋಡುವುದು ಯುಕ್ತ. ವರ್ಷಕ್ಕೆ ೬,೦೦೦ ರೂಪಾಯಿಗೆ ಮೀರದ ವರಮಾನವುಳ್ಳವರಿಗೆ, ಮನೆಯ ವೆಚ್ಚದ ಶೇಕಡ ೮೦ರಷ್ಟನ್ನು, ಮೊದಲ ನಿಯಮದಂತೆ ಹೆಚ್ಚೆಂದರೆ ೮,೦೦೦ ರೂಪಾಯಿಗಳನ್ನು, ಮೂವತ್ತು ವರ್ಷಗಳ ಅವಧಿಗೆ ಸಾಲವಾಗಿ ಕೊಡಲಾಗುತ್ತಿದ್ದಿತು. ಅಂದರೆ ೧೦,೦೦೦ ರೂಪಾಯಿಯ ಮನೆಗೆ ೨,೦೦೦ ರೂಪಾಯಿಯನ್ನು ಸಾಲಗಾರನೇ ಹೊಂದಿಸಬೇಕು. ೩೬೦ ಕಂತುಗಳಲ್ಲಿ ಅಸಲೊಂದೇ ತಿಂಗಳಿಗೆ ೨೨ ರೂಪಾಯಿಗೂ ತುಸು ಮಿಗುತ್ತದೆ. ಅದರ ಮೇಲೆ ಬಡ್ಡಿ. ಮಾಸಿಕ ೫೦೦ ರೂಪಾಯಿಯ ಗುಮಾಸ್ತನಿಗೆ ಇದು ಎಟುಕುವಂತಹುದು; ಅದರ ಐದರಲ್ಲೊಂದು ಭಾಗವನ್ನು ದುಡಿಯುವ ಕೂಲಿಗಾರನಿಗೆ ಅಲ್ಲ. ‘ಅಲ್ಪ ವರಮಾನ’ ಎಂಬ ಹೆಸರಿನಡಿಯಲ್ಲಿ ವಾಸ್ತವವಾಗಿ ನೆರವು ಪಡೆಯಬಲ್ಲವನು ಸ್ಥಿರವಾದ ಸಂಬಳವೂ ಕೈಯಲ್ಲಿ ಒಂದಿಷ್ಟು ಗಂಟೂ ಉಳ್ಳವನೇ. ವರಮಾನದ ಮೇಲಿನ ಮಿತಿಯನ್ನು ಶಾಸನವು ಹೇಳುತ್ತದೆ. ಕೆಳಗಿನ ಮಿತಿಯನ್ನು ಕಂತು ತಾನಾಗಿಯೇ ಗೊತ್ತುಪಡಿಸುತ್ತದೆ. ವಸತಿಯ ಇತಿಹಾಸವನ್ನು ಬರೆಯುವವರು ಈ ಎರಡನೆಯ ಮಿತಿಯನ್ನು ಗಮನಿಸಿರುವುದು ಕಡಿಮೆ.

ಒಬ್ಬನಿಗೆ ಎಟುಕದುದು ಹಲವರು ಕೂಡಿದರೆ ಎಟುಕುವುದೆಂಬ ವಿಚಾರದಿಂದ ಹುಟ್ಟಿದುದು ಸಹಕಾರಿ ಗೃಹನಿರ್ಮಾಣ. ಇದರ ಮೊದಲ ಮಾದರಿಯೊಂದನ್ನು ನಿರ್ಮಿಸಿದವರಲ್ಲಿ ನಮ್ಮ ಕರಾವಳಿಯ ಜನರಿದ್ದರೆಂಬುದು ಹೆಮ್ಮೆಯ ಸಂಗತಿ. ಕನ್ನಡ ಜಿಲ್ಲೆಗಳಿಂದ ಮುಂಬಯಿಗೆ ಹೋಗಿ ನೆಲಸಿದ ಚಿತ್ರಾಪುರ ಸಾರಸ್ವತರು, ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ನೇತೃತ್ವದಲ್ಲಿ ೧೯೧೫ರಲ್ಲಿ ಗಾಮದೇವಿಯಲ್ಲಿ ಗೃಹನಿರ್ಮಾಣ ಸಹಕಾರ ಸಂಘವನ್ನು ಸ್ಥಾಪಿಸಿದರು. ನೆಲವೂ ಕಟ್ಟಡವೂ ಸಂಘದವು. ವಾಸಿಸುವವರೇ ಸಂಘದ ಸದಸ್ಯರು. ಬಾಡಿಗೆ ಕೊಡುವವನೂ ಪಡೆಯುವವನೂ ಒಬ್ಬನೇ ಆದುದರಿಂದ ಮನೆಯಿಂದ ಎಬ್ಬಿಸುವರೆಂಬ ಭಯ ನೀಗಿತು.

ನಮ್ಮ ರಾಜ್ಯದಲ್ಲಿ ೧೯೫೯ರ ಸಹಕಾರ ಸಂಘಗಳ ಶಾಸನದ ತರುವಾಯ ನೌಕರರ ಗೃಹನಿರ್ಮಾಣ ಸಂಘಗಳು ವಿಪುಲವಾಗಿ ಬೆಳೆದವು. ಆದರೆ ಇಲ್ಲಿ ಹಿಡಿದ ದಾರಿ ಬೇರೆಯಾಯಿತು. ಸಂಘವು ಮನೆಯನ್ನು ಕಟ್ಟಿ ಒಡೆತನವನ್ನು ತನ್ನಲ್ಲಿ ಇರಿಸಿಕೊಳ್ಳದೆ, ನೆಲವನ್ನು ಪಡೆದು ನಿವೇಶನಗಳಾಗಿ ಹಂಚುವ ಕೆಲಸವನ್ನೇ ಮುಖ್ಯವಾಗಿ ಕೈಗೊಂಡಿತು. ನೆಲಕ್ಕಾಗಿ ಸರ್ಕಾರದ ಭೂಸ್ವಾಧೀನವನ್ನು ಅವಲಂಬಿಸಿದುದರಿಂದ ದಲ್ಲಾಳಿಗೆ ಬಾಗಿಲು ತೆರೆಯಿತು. ಬೆಂಗಳೂರಿನ ಎಚ್.ಎಂ.ಟಿ. ನೌಕರರ ಗೃಹನಿರ್ಮಾಣ ಸಂಘದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೫ರಲ್ಲಿ, ಮಧ್ಯವರ್ತಿಯ ಮೂಲಕ ನಡೆದ ಸ್ವಾಧೀನವು ಸಾರ್ವಜನಿಕ ಉದ್ದೇಶವೆನಿಸಲಾರದೆಂದು ತೀರ್ಮಾನಿಸಿ ಅದನ್ನು ರದ್ದುಪಡಿಸಿತು. ನೌಕರನ ಮನೆಗಾಗಿ ರೈತನು ಹೊಲವನ್ನು ಕಳೆದುಕೊಳ್ಳುವ ಪ್ರಸಂಗ ಬಂದಾಗ, ವಸತಿಯ ನೆರವು ಯಾರ ನೆಲದ ಮೇಲೆ ನಿಂತಿದೆಯೆಂಬ ಪ್ರಶ್ನೆಯನ್ನು ಕೇಳಲೇಬೇಕೆಂಬುದನ್ನು ಈ ತೀರ್ಪು ತೋರಿಸಿಕೊಟ್ಟಿತು.

ಮೂರನೆಯ ಮಾರ್ಗವು ಸಂಬಳವೂ ಇಲ್ಲದ, ಸಂಘದ ಸದಸ್ಯತ್ವವೂ ಇಲ್ಲದ ಜನರಿಗಾಗಿ ತೆರೆದುದು. ದೇವರಾಜ ಅರಸರ ಆಡಳಿತಕಾಲದಲ್ಲಿ, ೧೯೭೦ರ ದಶಕದಲ್ಲಿ, ನೆಲವಿಲ್ಲದವರಿಗೆ ನಿವೇಶನಗಳನ್ನು ಹಂಚುವ ಕಾರ್ಯವು ನಡೆದು, ‘ಜನತಾ ಮನೆ’ ಎಂಬ ಮಾತು ಹಳ್ಳಿಗಳಲ್ಲಿ ಬಳಕೆಗೆ ಬಂದಿತು. ಶಿವಮೊಗ್ಗ ಜಿಲ್ಲೆಯವರೇ ಆದ ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ ೧೯೯೧-೯೨ರಲ್ಲಿ ಆಶ್ರಯ ಯೋಜನೆಯು ಜಾರಿಗೆ ಬಂದಿತು. ೨೦೦೦ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಸ್ಥಾಪನೆಯಾಗಿ, ಇಂತಹ ಯೋಜನೆಗಳ ಹಣವನ್ನೂ ಕಾಮಗಾರಿಯನ್ನೂ ನೋಡಿಕೊಳ್ಳತೊಡಗಿತು. ಈ ಯೋಜನೆಗಳಲ್ಲಿ ಮನೆಯನ್ನು ಬಹುಮಟ್ಟಿಗೆ ಹೆಂಗಸಿನ ಹೆಸರಿಗೆ ಮಾಡಿಕೊಡುವ ನಿಯಮವು ಗಮನಾರ್ಹವಾದುದು. ಬಿಡಾರದ ಹಕ್ಕು ನೌಕರನಿಗೆ ಮಾತ್ರ ಸಲ್ಲುತ್ತಿದ್ದಿತು. ಅವನು ಗತಿಸಿದರೆ ಅವನ ಹೆಂಡತಿಯು ಆ ಮನೆಯಲ್ಲಿ ಉಳಿಯುವುದು ಇತರರ ಅನುಗ್ರಹವನ್ನು ಅವಲಂಬಿಸಿದ್ದಿತು. ಆಶ್ರಯದ ಹಕ್ಕುಪತ್ರವು ಆಕೆಯ ಹೆಸರಿನಲ್ಲಿದ್ದರೆ ಈ ಅನುಗ್ರಹವು ಬೇಕಿಲ್ಲ. ಆದರೆ ಇಲ್ಲಿಯೂ ಒಂದು ತೊಡಕುಂಟು. ಹಳ್ಳಿಯಲ್ಲಿ ಫಲಾನುಭವಿಯನ್ನು ಆರಿಸುವುದು ಗ್ರಾಮಸಭೆ. ಪಟ್ಟಣದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ನೆರವು ಹಕ್ಕಾಗಿ ಬರುವುದೋ ಕೃಪೆಯಾಗಿ ಬರುವುದೋ ಎಂಬುದು ಆ ಪಟ್ಟಿಯು ಎಷ್ಟು ಬಹಿರಂಗವಾಗಿ ಸಿದ್ಧವಾಗುತ್ತದೆ ಎಂಬುದರ ಮೇಲೆ ನಿಂತಿದೆ.

ಈ ಮೂರು ಮಾರ್ಗಗಳ ಪರೀಕ್ಷೆಯು ಭದ್ರಾವತಿಯಲ್ಲಿ ಕಾರ್ಖಾನೆಗಳು ಕುಗ್ಗಿದಾಗ ನಡೆಯಿತು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯು ೧೯೮೯ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು, ೧೯೯೮ರಲ್ಲಿ ಅದರಲ್ಲಿಯೇ ವಿಲೀನವಾಯಿತು. ಕಾಗದದ ಕಾರ್ಖಾನೆಯಲ್ಲಿ ೨೦೧೫ರಲ್ಲಿ ಉತ್ಪಾದನೆಯು ನಿಂತಿತು. ೨೦೨೩ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚಲು ಪ್ರಾಧಿಕಾರದ ಆಡಳಿತ ಮಂಡಳಿಯು ನಿರ್ಣಯಿಸಿತು. ಕಾರ್ಮಿಕರ ಹೋರಾಟದ ನಡುವೆ ಅದೇ ವರ್ಷ ಕೆಲಸವು ಭಾಗಶಃ ಮರಳಿ ಆರಂಭವಾಯಿತು. ಇಂತಹ ಸಮಯದಲ್ಲಿ ಬಿಡಾರದಲ್ಲಿದ್ದವನಿಗೆ ಕೂಲಿಯ ನಷ್ಟದೊಡನೆ ಮಾಡಿನ ನಷ್ಟವೂ ಎದುರಾಗುತ್ತದೆ. ಸಾಲದಲ್ಲಿ ಮನೆ ಕಟ್ಟಿದವನಿಗೆ ಕಂತಿನ ಚಿಂತೆ ಉಂಟು, ಆದರೆ ಕಂತು ತೀರಿದ್ದರೆ ಮನೆಯು ತನ್ನದು. ಕೇವಲ ಹಕ್ಕುಪತ್ರದ ನಿವೇಶನದಲ್ಲಿ ಸಣ್ಣ ಮನೆಯನ್ನು ಕಟ್ಟಿಕೊಂಡವನು ಮೂವರಲ್ಲಿ ಬಡವನಾದರೂ, ಕಾರ್ಖಾನೆಯ ಸಿಳ್ಳು ನಿಂತ ದಿನ ಅವನ ಬಾಗಿಲನ್ನು ಯಾರೂ ತಟ್ಟುವಂತಿಲ್ಲ.

ಇತ್ತೀಚಿನ ಯೋಜನೆಗಳು ಈ ಪಾಠವನ್ನು ಎಷ್ಟರಮಟ್ಟಿಗೆ ಕಲಿತಿವೆ? ೨೦೧೫ರ ಜೂನ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ನಗರ ವಸತಿ ಯೋಜನೆಯು ಸಾಲದ ಬಡ್ಡಿಗೆ ಸಹಾಯಧನವನ್ನು ಕೊಟ್ಟಿತು. ೨೦೨೪ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಅದರ ಎರಡನೆಯ ಹಂತದಲ್ಲಿ, ವರ್ಷಕ್ಕೆ ೯ ಲಕ್ಷ ರೂಪಾಯಿವರೆಗಿನ ವರಮಾನದ, ದೇಶದಲ್ಲೆಲ್ಲಿಯೂ ಪಕ್ಕಾ ಮನೆಯಿಲ್ಲದ ಕುಟುಂಬವು ೩೫ ಲಕ್ಷದವರೆಗಿನ ಬೆಲೆಯ ಮನೆಗೆ ೨೫ ಲಕ್ಷದವರೆಗೆ ಸಾಲ ಪಡೆದರೆ, ಮೊದಲ ೮ ಲಕ್ಷಕ್ಕೆ ಶೇಕಡ ೪ರಷ್ಟು ಬಡ್ಡಿ ಸಹಾಯಧನವು ದೊರೆಯುತ್ತದೆ. ಅದರ ಒಟ್ಟು ಮೊತ್ತವು ೧.೮೦ ಲಕ್ಷಕ್ಕೆ ಮೀರದು. ಸ್ವಂತ ನೆಲವುಳ್ಳ ಬಡವರು ತಾವೇ ಮನೆ ಕಟ್ಟಿಕೊಳ್ಳಲು ಬೇರೆ ಸಹಾಯಧನವುಂಟು. ಮೊತ್ತಗಳು ದೊಡ್ಡವಾಗಿವೆ, ತರ್ಕವು ಮಾತ್ರ ೧೯೫೪ರದೇ. ಬಡ್ಡಿಯ ಸಹಾಯವು ಮೊದಲು ಸಾಲ ಹುಟ್ಟುವವನಿಗೆ. ಕಟ್ಟುವ ಸಹಾಯವು ಮೊದಲು ನೆಲದ ದಾಖಲೆಯುಳ್ಳವನಿಗೆ. ಗುತ್ತಿಗೆಯ ಕೆಲಸಗಾರನಿಗೆ ಸಂಬಳದ ಚೀಟಿಯೂ ಇಲ್ಲ, ಖಾತೆಯೂ ಇಲ್ಲವಾದರೆ ಎರಡು ಬಾಗಿಲುಗಳೂ ಅವನಿಗೆ ಮುಚ್ಚಿದಂತೆಯೇ.

ಇಲ್ಲಿಯವರೆಗಿನ ವಿವೇಚನೆಯಿಂದ ನಮಗೆ ಹೊಳೆಯುವ ನಿರ್ಣಯವಿಷ್ಟು. ಮನೆಯ ನೆರವಿನಲ್ಲಿ ನೆಲದ ಹಕ್ಕು ಮೊದಲನೆಯದು, ಹಣ ಎರಡನೆಯದು. ಹಕ್ಕಿಲ್ಲದ ಮನೆಯು ಎಷ್ಟು ಗಟ್ಟಿಯಾಗಿದ್ದರೂ ಬಿಡಾರವೇ. ಹಕ್ಕಿದ್ದರೆ ಸಣ್ಣ ಮನೆಯೂ ಕಾಲಕ್ರಮದಲ್ಲಿ ಬೆಳೆಯುತ್ತದೆ. ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ಗೃಹಮಂಡಳಿ, ನಗರಸಭೆಯ ಆಶ್ರಯ ಶಾಖೆ, ಬ್ಯಾಂಕುಗಳು ಇವೆಲ್ಲವೂ ಬೇರೆಬೇರೆ ಬಾಗಿಲುಗಳಾಗಿರುವಲ್ಲಿ, ಬಡವನು ಮೊದಲು ಯಾವುದನ್ನು ತಟ್ಟಬೇಕೆಂಬುದನ್ನು ತಿಳಿಸುವುದೇ ಒಂದು ನೆರವಾಗುತ್ತದೆ. ಕಾರ್ಖಾನೆಯ ಖಾಲಿ ನೆಲ ಮತ್ತು ಪಾಳುಬಿದ್ದ ವಸತಿಗಳ ಭವಿಷ್ಯವನ್ನು ನಿರ್ಧರಿಸುವವರು, ಅವುಗಳಲ್ಲಿ ಬಾಳಿದ ಕುಟುಂಬಗಳ ಹಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ನೂರು ವರ್ಷಗಳ ಹಿಂದೆ ಅರ್ಧಕ್ಕೆ ನಿಂತ ಕಾರ್ಯವೊಂದು ಪೂರ್ಣವಾದೀತು. ಆ ಕುಟುಂಬಗಳ ಬಾಯಿಂದಲೇ ಈ ಇತಿಹಾಸವನ್ನು ಸಂಗ್ರಹಿಸುವುದು, ಅದನ್ನು ಕಂಡವರು ಇರುವಾಗಲೇ, ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬೇಕಾದ ಕೆಲಸವಾಗಿದೆ.