ಒಂದು ನಿಯಮ, ನಾಲ್ವರು ಶೋಧಕರು

ನೀರು ತುಂಬಿದ ಲೋಟದಲ್ಲಿಟ್ಟ ಚಮಚ ನೀರಿನ ಮಟ್ಟದಲ್ಲಿ ಮುರಿದಂತೆ ಕಾಣುತ್ತದೆ. ಇದನ್ನು ಗಮನಿಸದವರು ಇರಲಾರರು. ಗಾಳಿಯಿಂದ ನೀರಿಗೋ ಗಾಜಿಗೋ ದಾಟುವಾಗ ಬೆಳಕು ತನ್ನ ದಾರಿ ಬದಲಿಸುವುದೇ ಇದಕ್ಕೆ ಕಾರಣ. ವಿಜ್ಞಾನ ಇದನ್ನು ವಕ್ರೀಭವನ ಎಂದು ಕರೆಯುತ್ತದೆ. ಎಷ್ಟು ಓರೆಯಾಗಿ ಬಂದ ಕಿರಣ ಎಷ್ಟು ಬಾಗುತ್ತದೆಂದು ತಿಳಿಸುವ ನಿಯಮವನ್ನು ನಮ್ಮ ಮಕ್ಕಳು ಹತ್ತನೇ ತರಗತಿಯಲ್ಲಿ ‘ಸ್ನೆಲ್‌ನ ನಿಯಮ’ ಎಂದು ಕಲಿಯುತ್ತಾರೆ. ಫ್ರಾನ್ಸಿನಲ್ಲಿ ಅದೇ ನಿಯಮಕ್ಕೆ ದೆಕಾರ್ತ್‌ರ ಹೆಸರೂ ಇದೆ. ಆದರೆ ಇತಿಹಾಸದ ಪುಟಗಳನ್ನು ತಿರುವಿದರೆ ಇದನ್ನು ಕಂಡುಕೊಂಡವರು ಇವರಿಬ್ಬರೇ ಅಲ್ಲ, ನಾಲ್ವರು ಎಂದು ತಿಳಿಯುತ್ತದೆ. ಅವರಲ್ಲಿ ಮೊದಲಿಗರು ಬದುಕಿದ್ದು ಹತ್ತನೇ ಶತಮಾನದಲ್ಲಿ, ಅಬ್ಬಾಸಿ ಖಿಲಾಫತ್ತಿನ ಬಗ್ದಾದಿನ ವಿದ್ವತ್ ಪರಿಸರದಲ್ಲಿ.

ಪ್ರಶ್ನೆ ಮಾತ್ರ ಅದಕ್ಕಿಂತಲೂ ಹಳೆಯದು. ಕ್ರಿ.ಶ. ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ಕಿರಣದ ಓರೆಯನ್ನು ಹತ್ತು ಹತ್ತು ಡಿಗ್ರಿಯಂತೆ ಹೆಚ್ಚಿಸುತ್ತಾ ಅದು ಬಾಗುವ ಪ್ರಮಾಣದ ಕೋಷ್ಟಕಗಳನ್ನು ಸಿದ್ಧಪಡಿಸಿದ್ದರು. ಆದರೆ ಆ ಅಂಕಿಗಳ ಹಿಂದಿನ ನಿಯಮ ಅವರಿಗೆ ದಕ್ಕಲಿಲ್ಲ. ಕೋನಗಳನ್ನೇ ಪರಸ್ಪರ ಹೋಲಿಸುತ್ತಾ ಕುಳಿತರೆ ಅದು ಸಿಗುವಂಥದ್ದೂ ಆಗಿರಲಿಲ್ಲ.

ಬಗ್ದಾದಿನ ಗಣಿತಜ್ಞ

ಅಬೂ ಸಅದ್ ಅಲ್ ಅಲಾ ಇಬ್ನ್ ಸಹಲ್ ಪರ್ಶಿಯನ್ ಮೂಲದ ಗಣಿತಜ್ಞರು. ಬುವೈಹಿ ದೊರೆಗಳ ಆಶ್ರಯದಲ್ಲಿದ್ದ ಅವರು ಕ್ರಿ.ಶ. 984ರ ಸುಮಾರಿಗೆ ಸುಡುವ ಕನ್ನಡಿ ಮತ್ತು ಮಸೂರಗಳ ಕುರಿತು ಒಂದು ಗ್ರಂಥ ಬರೆದರು. ಸೂರ್ಯನ ಕಿರಣಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸಿ ದೂರದ ವಸ್ತುವಿಗೆ ಬೆಂಕಿ ಹೊತ್ತಿಸುವುದು ಹೇಗೆ ಎಂಬುದು ಅಂದಿನ ವಿದ್ವಾಂಸರಿಗೆ ಪ್ರಿಯವಾದ ಸಮಸ್ಯೆ. ಗ್ರೀಕರು ಇದಕ್ಕೆ ಕನ್ನಡಿಯಲ್ಲಿ ಉತ್ತರ ಹುಡುಕಿದ್ದರು. ಇಬ್ನ್ ಸಹಲ್ ಹರಳಿನ ಮಸೂರವನ್ನೂ ಕೈಗೆತ್ತಿಕೊಂಡರು.

ಹರಳಿನೊಳಗಿಂದ ಹೊರಬರುವ ಒಂದು ಕಿರಣದ ಚಿತ್ರವನ್ನು ಅವರು ಬರೆದರು. ಕಿರಣ ಹೊರಬೀಳುವ ಬಿಂದುವಿನಿಂದ ತುಸು ದೂರದಲ್ಲಿ, ಹರಳಿನ ಮೇಲ್ಮೈಗೆ ಲಂಬವಾಗಿ ಒಂದು ಗೆರೆ ಎಳೆದರು. ಬಾಗಿದ ಕಿರಣ ಆ ಗೆರೆಯನ್ನು ಒಂದು ಕಡೆ ಮುಟ್ಟುತ್ತದೆ. ಬಾಗದೆ ನೇರವಾಗಿ ಸಾಗಿದ್ದರೆ ಇನ್ನೊಂದು ಕಡೆ ಮುಟ್ಟುತ್ತಿತ್ತು. ಈ ಎರಡು ದಾರಿಗಳ ಉದ್ದವನ್ನು ಹೋಲಿಸಿದರೆ, ಕಿರಣ ಎಷ್ಟೇ ಓರೆಯಾಗಿರಲಿ, ಅವುಗಳ ಅನುಪಾತ ಆ ಹರಳಿಗೆ ಯಾವಾಗಲೂ ಒಂದೇ! ಇಂದಿನ ಪಠ್ಯಪುಸ್ತಕಗಳು ಕೋನಗಳ ಸೈನ್‌ಗಳ ಅನುಪಾತ ಸ್ಥಿರ ಎಂದು ಹೇಳುವುದೂ ಇದನ್ನೇ. ಇದರ ಆಧಾರದಲ್ಲಿ, ಸಮಾನಾಂತರ ಕಿರಣಗಳನ್ನು ಒಂದೇ ಬಿಂದುವಿಗೆ ತರಬಲ್ಲ ಮಸೂರದ ಮೈ ಅತಿಪರವಲಯದ ಆಕಾರದಲ್ಲಿರಬೇಕು ಎಂದು ಅವರು ತೋರಿಸಿದರು.

ಇಷ್ಟು ದೊಡ್ಡ ಸಂಶೋಧನೆ ನಡೆದ ಮೇಲೆ ಆದದ್ದೇನು? ಏನೂ ಆಗಲಿಲ್ಲ. ದೃಗ್ವಿಜ್ಞಾನದ ಮಹಾನ್ ವಿದ್ವಾಂಸ ಇಬ್ನುಲ್ ಹೈಸಮ್ (ಜನನ 965) ಇಬ್ನ್ ಸಹಲ್‌ರ ಬರಹಗಳನ್ನು ಬಲ್ಲವರಾಗಿದ್ದರು. ಆದರೂ ಅವರ ಪ್ರಸಿದ್ಧ ‘ಕಿತಾಬುಲ್ ಮನಾಝಿರ್’ನಲ್ಲಿ ಈ ನಿಯಮಕ್ಕೆ ಜಾಗ ಸಿಗಲಿಲ್ಲ. ಅದನ್ನು ಮುಂದುವರಿಸುವ ಶಿಷ್ಯರೂ ಬರಲಿಲ್ಲ. ಗ್ರಂಥದ ಹಾಳೆಗಳು ಚದುರಿ ಒಂದು ಭಾಗ ದಮಾಸ್ಕಸ್‌ನಲ್ಲಿ, ಇನ್ನೊಂದು ಭಾಗ ತೆಹರಾನಿನಲ್ಲಿ ಉಳಿಯಿತು. ಈಜಿಪ್ಟ್ ಮೂಲದ ವಿಜ್ಞಾನ ಇತಿಹಾಸಕಾರ ರುಶ್ದಿ ರಾಶಿದ್ ಅವುಗಳನ್ನು ಜೋಡಿಸಿ ಓದಿ, 1990ರಲ್ಲಿ ಜಗತ್ತಿನ ಮುಂದಿಟ್ಟರು. ಅಂದರೆ ಸಾವಿರ ವರ್ಷಗಳ ಮೌನ!

ಯುರೋಪಿನಲ್ಲಿ ಮೂವರು

ಈ ಮೌನದ ನಡುವೆ ಯುರೋಪಿನಲ್ಲಿ ಅದೇ ನಿಯಮ ಮತ್ತೆ ಹುಟ್ಟಿತು. ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ 1602ರ ಸುಮಾರಿಗೆ ಅದನ್ನು ಕಂಡುಕೊಂಡರು, ಆದರೆ ಪ್ರಕಟಿಸಲಿಲ್ಲ. ಖಗೋಳಜ್ಞ ಕೆಪ್ಲರ್ 1606ರಲ್ಲಿ ಪತ್ರ ಬರೆದು ವಿಚಾರಿಸಿದಾಗ ಅಳತೆಯ ಅಂಕಿಗಳನ್ನು ಕಳುಹಿಸಿದರೇ ಹೊರತು ನಿಯಮವನ್ನು ಬಿಟ್ಟುಕೊಡಲಿಲ್ಲ. 1621ರಲ್ಲಿ ಅವರು ತೀರಿಕೊಂಡಾಗ ಅದು ಅವರ ಕಾಗದಗಳಲ್ಲೇ ಉಳಿಯಿತು.

ಸರಿಸುಮಾರು ಅದೇ ವರ್ಷ ಹಾಲೆಂಡಿನ ಲೈಡನ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ವಿಲ್ಲೆಬ್ರೋರ್ಡ್ ಸ್ನೆಲ್ ಅದೇ ನಿಯಮವನ್ನು ತಲುಪಿದರು. ವಿಶೇಷವೆಂದರೆ, ಇಬ್ನ್ ಸಹಲ್‌ರಂತೆ ಅವರೂ ಅದನ್ನು ಎರಡು ಗೆರೆಗಳ ಉದ್ದದ ಅನುಪಾತವಾಗಿಯೇ ಹೇಳಿದರು. ಅವರೂ ಅದನ್ನು ಮುದ್ರಿಸದೆ 1626ರಲ್ಲಿ ನಿಧನರಾದರು. 1632ರಲ್ಲಿ ಅವರ ಹಸ್ತಪ್ರತಿಯನ್ನು ಬೆಳಕಿಗೆ ತಂದವರು ಅದೇ ವಿಶ್ವವಿದ್ಯಾನಿಲಯದ ಯಾಕೋಬ್ ಗೋಲಿಯಸ್. ಗೋಲಿಯಸ್ ಗಣಿತದ ಜೊತೆಗೆ ಅರಬಿಯ ಪ್ರಾಧ್ಯಾಪಕರೂ ಹೌದು. ಮೊರಾಕೊ, ಅಲೆಪ್ಪೊಗಳನ್ನು ಸುತ್ತಿ ಅರಬಿ ಹಸ್ತಪ್ರತಿಗಳನ್ನು ಲೈಡನ್‌ಗೆ ತಂದವರು.

ನಾಲ್ಕನೆಯವರು ಫ್ರೆಂಚ್ ತತ್ವಜ್ಞಾನಿ ರೆನೆ ದೆಕಾರ್ತ್. ಅವರು 1637ರಲ್ಲಿ ಈ ನಿಯಮವನ್ನು ಮುದ್ರಿಸಿ ಎಲ್ಲರ ಕೈಗೆ ಕೊಟ್ಟರು. ಸ್ನೆಲ್‌ರ ಹಸ್ತಪ್ರತಿಯಿಂದ ಕದ್ದರೆಂಬ ಆರೋಪ ಮುಂದೆ ಅವರ ಮೇಲೆ ಬಂತು. ಆದರೆ ಗೋಲಿಯಸ್‌ಗೆ ಆ ಹಸ್ತಪ್ರತಿ ಸಿಗುವುದಕ್ಕೂ ಮೊದಲೇ, 1628ರ ಸುಮಾರಿಗೆ, ಗೆಳೆಯ ಐಸಾಕ್ ಬೀಕ್‌ಮನ್‌ರ ದಿನಚರಿಯಲ್ಲಿ ದೆಕಾರ್ತ್ ಹೇಳಿದ ಈ ವಿಚಾರ ದಾಖಲಾಗಿದೆ. ಆದ್ದರಿಂದ ಅವರು ಸ್ವತಂತ್ರವಾಗಿಯೇ ಕಂಡುಕೊಂಡಿರಬೇಕೆಂಬುದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ಇಬ್ನ್ ಸಹಲ್‌ರ ಗ್ರಂಥ ಇವರಲ್ಲಿ ಯಾರ ಕೈಗಾದರೂ ಸಿಕ್ಕಿತ್ತೆಂಬುದಕ್ಕೆ ಪುರಾವೆಯಿಲ್ಲ. ಆದರೂ ದೆಕಾರ್ತ್ ಕೂಡಾ ಉತ್ತಮ ಮಸೂರ ಅತಿಪರವಲಯದ ಆಕಾರದಲ್ಲಿರಬೇಕು ಎಂಬ ಅದೇ ತೀರ್ಮಾನಕ್ಕೆ ಬಂದರು.

ಇದು ಹೇಗೆ ಸಾಧ್ಯ?

ಇಂಥ ಪ್ರಸಂಗಗಳು ವಿರಳವೇನಲ್ಲ. ಒಂದೇ ಶೋಧವನ್ನು ಬೇರೆ ಬೇರೆಯವರು ತಂತಾವೇ ಮಾಡಿದ 148 ಉದಾಹರಣೆಗಳನ್ನು ವಿಲಿಯಂ ಆಗ್‌ಬರ್ನ್ ಮತ್ತು ಡೊರೊಥಿ ಥಾಮಸ್ ಎಂಬ ಅಮೆರಿಕದ ವಿದ್ವಾಂಸರು 1922ರಲ್ಲೇ ಪಟ್ಟಿ ಮಾಡಿದ್ದರು. ಇದರಲ್ಲಿ ಪವಾಡವಿಲ್ಲ. ಒಂದೇ ಹೊಲದಲ್ಲಿ ಉತ್ತವರಿಗೆ ಒಂದೇ ನಿಧಿ ಸಿಗುವುದು ಸಹಜ. ನಾಲ್ವರ ಹಿಂದೆಯೂ ಗ್ರೀಕರ ರೇಖಾಗಣಿತವಿತ್ತು. ಇಬ್ನುಲ್ ಹೈಸಮ್‌ರ ಗ್ರಂಥ 1572ರಲ್ಲಿ ಲ್ಯಾಟಿನ್‌ನಲ್ಲಿ ಅಚ್ಚಾಗಿ ಹ್ಯಾರಿಯಟ್, ಕೆಪ್ಲರ್ ಮೊದಲಾದವರ ಮೇಜಿನ ಮೇಲಿತ್ತು. ಇಂದು ಈ ನಿಯಮವನ್ನು ಹೇಳಲು ಬಳಸುವ ‘ಸೈನ್’ ಎಂಬ ಪದದ ಪಯಣವನ್ನೇ ನೋಡಿ. ಭಾರತದ ‘ಜೀವಾ’ ಅರಬಿಯಲ್ಲಿ ‘ಜೀಬ’ ಆಯಿತು, ಅದನ್ನು ‘ಜೈಬ್’ ಎಂದು ಓದಿದವರು ಲ್ಯಾಟಿನ್‌ನಲ್ಲಿ ‘ಸೈನಸ್’ ಎಂದು ಅನುವಾದಿಸಿದರು. ಸ್ವತಂತ್ರವಾಗಿ ಯೋಚಿಸಿದವರೂ ಹತ್ತು ಜನರ ಸಾಲ ಹೊತ್ತವರೇ.

ಹಾಗಾದರೆ ಒಬ್ಬರ ಶೋಧ ಬತ್ತಿಹೋಗಿ ಇನ್ನೊಬ್ಬರದು ಹೊಳೆಯಾಗಿ ಹರಿದದ್ದೇಕೆ? ಹದಿನೇಳನೇ ಶತಮಾನದ ಯುರೋಪಿಗೆ ದೂರದರ್ಶಕ ಬಂದಿತ್ತು, ಒಳ್ಳೆಯ ಮಸೂರ ಎಲ್ಲರಿಗೂ ಬೇಕಾಗಿತ್ತು. ಮುದ್ರಣಾಲಯಗಳಿದ್ದವು. ಬಗ್ದಾದಿನಲ್ಲಿ ಮೇಧಾವಿಯೊಬ್ಬರಿದ್ದರು, ಆದರೆ ಅವರ ಉತ್ತರಕ್ಕಾಗಿ ಕಾದಿದ್ದ ಜನರಿರಲಿಲ್ಲ. ಹಾಗೆಂದು ಯುರೋಪಿನಲ್ಲೂ ಎಲ್ಲವೂ ಸುಗಮವಾಗಿರಲಿಲ್ಲ. ಬಚ್ಚಿಟ್ಟ ಹ್ಯಾರಿಯಟ್‌ರ ಶೋಧದ ಗತಿಯೂ ಇಬ್ನ್ ಸಹಲ್‌ರದಕ್ಕಿಂತ ಬೇರೆಯಾಗಲಿಲ್ಲ.

ಇಲ್ಲಿ ನಮಗೊಂದು ಪಾಠವಿದೆ. ವಿಜ್ಞಾನದ ಮಾತು ಬಂದಾಗಲೆಲ್ಲ ‘ಇದನ್ನು ಮೊದಲು ಕಂಡುಹಿಡಿದವರು ನಮ್ಮವರೇ’ ಎಂದು ಎದೆ ತಟ್ಟಿಕೊಳ್ಳುವ ಚಟ ನಮ್ಮಲ್ಲಿದೆ, ಇತರರಲ್ಲೂ ಇದೆ. ವೇದಿಕೆಯ ಭಾಷಣಕ್ಕೆ ಚಪ್ಪಾಳೆ ಬೀಳುತ್ತದೆ. ಇಬ್ನ್ ಸಹಲ್‌ರಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು, ಅವರ ಹೆಸರು ಪಠ್ಯಪುಸ್ತಕಕ್ಕೂ ಬರಬೇಕು. ಆದರೆ ಅವರ ನಿಯಮವನ್ನು ಮರೆತವರು ಹೊರಗಿನವರಲ್ಲ, ಅವರದೇ ಭಾಷೆಯನ್ನು ಓದಬಲ್ಲವರು. ಅವರ ಗ್ರಂಥವನ್ನು ಯಾರೂ ಕದಿಯಲಿಲ್ಲ. ಅದು ಓದುವವರಿಲ್ಲದೆ ಗ್ರಂಥಾಲಯಗಳಲ್ಲೇ ಬಿದ್ದಿತ್ತು.

ಪ್ರತಿಭೆ ಯಾವ ಒಂದು ಜನಾಂಗದ ಸೊತ್ತೂ ಅಲ್ಲ ಎಂಬುದಕ್ಕೆ ಬಗ್ದಾದ್, ಲಂಡನ್, ಲೈಡನ್‌ಗಳ ಈ ಕಥೆಗಿಂತ ಬೇರೆ ಸಾಕ್ಷಿ ಬೇಕಿಲ್ಲ. ವ್ಯತ್ಯಾಸವಾಗುವುದು ಅದನ್ನು ಕೇಳುವ, ಕಲಿಯುವ, ಮುಂದಿನವರಿಗೆ ದಾಟಿಸುವ ಸಮಾಜವಿದೆಯೇ ಎಂಬಲ್ಲಿ. ನಮ್ಮ ನಡುವಿನ ಯಾವುದೋ ತರಗತಿಯ ಹಿಂದಿನ ಬೆಂಚಿನಲ್ಲಿ ಇಂದೂ ಒಬ್ಬ ಇಬ್ನ್ ಸಹಲ್ ಕುಳಿತಿರಬಹುದು. ಆ ಮಗುವಿನ ಪ್ರಶ್ನೆಯನ್ನು ಕೇಳಿಸಿಕೊಳ್ಳುವ ವ್ಯವಧಾನ ನಮಗಿದೆಯೇ?