ಆರ್ಲಿಂಗ್ಟನ್: ಪುರಸಭೆಯಿಲ್ಲದ ನಗರ

ಪೊಟೋಮ್ಯಾಕ್ ನದಿಯ ಆ ದಡದಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್, ಈ ದಡದಲ್ಲಿ ವರ್ಜೀನಿಯಾ ರಾಜ್ಯದ ಆರ್ಲಿಂಗ್ಟನ್ ಕೌಂಟಿ. ವಿಸ್ತೀರ್ಣ ಸುಮಾರು 67 ಚದರ ಕಿ.ಮೀ.; 2020ರ ಜನಗಣತಿಯಂತೆ ಜನಸಂಖ್ಯೆ 2,38,643. ಇಷ್ಟು ಜನರಿದ್ದರೂ ಇದರೊಳಗೆ ಪ್ರತ್ಯೇಕ ಪುರಸಭೆಯುಳ್ಳ ಒಂದು ಊರೂ ಇಲ್ಲ.

1791ರಲ್ಲಿ ರಾಜಧಾನಿಗೆಂದು ಹತ್ತು ಮೈಲಿ ಉದ್ದಗಲದ ಚೌಕ ಅಳೆದಾಗ ವರ್ಜೀನಿಯಾ ಬಿಟ್ಟುಕೊಟ್ಟ ನೆಲವಿದು. ಆಂಡ್ರ್ಯೂ ಎಲಿಕಾಟ್ ಅವರ ಮೋಜಣಿ ತಂಡದಲ್ಲಿ ಕಪ್ಪುವರ್ಣೀಯ ಖಗೋಳಜ್ಞ ಬೆಂಜಮಿನ್ ಬ್ಯಾನೆಕರ್ ಇದ್ದರು. ಮೈಲಿಗೊಂದರಂತೆ ನೆಟ್ಟ ಗಡಿಕಲ್ಲುಗಳಲ್ಲಿ ಕೆಲವು ಇಂದಿಗೂ ಮನೆಗಳ ನಡುವೆ, ಕಬ್ಬಿಣದ ಬೇಲಿಯೊಳಗೆ ನಿಂತಿವೆ. ನೆಲ ಮಾತ್ರ ರಾಜಧಾನಿಯಲ್ಲಿ ಉಳಿಯಲಿಲ್ಲ: 1846ರ ಕಾಯ್ದೆ ಅದನ್ನು ವರ್ಜೀನಿಯಾಕ್ಕೇ ಮರಳಿಸಿತು. ಈಗಿನ ಹೆಸರು ಬಂದದ್ದು 1920ರಲ್ಲಿ.

ಆ ಹೆಸರು ಗುಡ್ಡದ ಮೇಲಿನ ಆರ್ಲಿಂಗ್ಟನ್ ಹೌಸ್‌ನಿಂದ ಬಂದದ್ದು. ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾಪತಿಯಾದ ರಾಬರ್ಟ್ ಇ. ಲೀ ಅವರ ಮನೆಯಿದು. ಕಟ್ಟಿದ ಕೈಗಳು ಗುಲಾಮರವು. ಯುದ್ಧಕಾಲದಲ್ಲಿ ಸರ್ಕಾರ ಎಸ್ಟೇಟನ್ನು ವಶಪಡಿಸಿಕೊಂಡಿತು. ಬಿಡುಗಡೆ ಪಡೆದ ಗುಲಾಮರಿಗೆ 1863ರಲ್ಲಿ ಅಲ್ಲೇ ‘ಫ್ರೀಡ್‌ಮನ್ಸ್ ವಿಲೇಜ್’ ಎಂಬ ವಸತಿ ಎದ್ದಿತು, ಮರುವರ್ಷ ಸೈನಿಕರ ಸ್ಮಶಾನ ತೆರೆಯಿತು. ಸ್ಮಶಾನ ಬೆಳೆಯಿತು, ವಸತಿಯನ್ನು 1900ರ ಹೊತ್ತಿಗೆ ಎಬ್ಬಿಸಲಾಯಿತು.

ಅಮೆರಿಕದ ಸೇನಾ ಕೇಂದ್ರ ಕಚೇರಿಯಾದ ಪೆಂಟಗನ್ ಕೂಡ ಇಲ್ಲಿಯದೇ, ವಾಷಿಂಗ್ಟನ್ನಿನದಲ್ಲ. ಕಟ್ಟಡದ ಕೆಲಸ ಶುರುವಾದ ದಿನ 11 ಸೆಪ್ಟೆಂಬರ್ 1941. ಸರಿಯಾಗಿ ಅರವತ್ತು ವರ್ಷಕ್ಕೆ ಉಗ್ರರು ಅಪಹರಿಸಿದ ವಿಮಾನ ಅಪ್ಪಳಿಸಿ 184 ಮಂದಿ ಬಲಿಯಾದರು.

1979ರಲ್ಲಿ ಮೆಟ್ರೊ ರೈಲು ಕೌಂಟಿಯ ಬಾಲ್‌ಸ್ಟನ್ ಬಡಾವಣೆ ಮುಟ್ಟಿತು. ಹೆದ್ದಾರಿಯ ನಡುವೆ ಹಾದುಹೋಗಬೇಕಿದ್ದ ಹಳಿಯನ್ನು ಕೌಂಟಿ ಹಟ ಹಿಡಿದು ಅಂಗಡಿಬೀದಿಯ ಕೆಳಗೇ ಸುರಂಗದಲ್ಲಿ ತರಿಸಿತು. ಈಗ ಎತ್ತರದ ಕಟ್ಟಡಗಳು ನಿಲ್ದಾಣಗಳ ಸುತ್ತಲೇ. ನಾಲ್ಕು ಬೀದಿ ದಾಟಿದರೆ ಹಿತ್ತಲಿರುವ ಒಂಟಿ ಮನೆಗಳು.