ಅಂಪೈರ್ ಹಿಂದೆ ಸರಿದ ವರ್ಷ

ಕ್ರೀಡೆಯ ಇತಿಹಾಸವನ್ನು ನಾವು ಸಾಮಾನ್ಯವಾಗಿ ಗೆದ್ದವರ ಹೆಸರಲ್ಲಿ ಬರೆಯುತ್ತೇವೆ. ಸಂಶೋಧನಾ ವಿದ್ಯಾರ್ಥಿಯಾದ ನನಗೆ ತೀರ್ಪುಗಾರ ಎಲ್ಲಿ ನಿಲ್ಲುತ್ತಿದ್ದ ಎಂಬುದೂ ಅಷ್ಟೇ ಮುಖ್ಯ.

ಅಮೆರಿಕನ್ ಫುಟ್‌ಬಾಲಿನಲ್ಲಿ ಅಂಪೈರ್ ದಶಕಗಳ ಕಾಲ ರಕ್ಷಣಾ ಪಡೆಯ ನಡುವೆ, ಲೈನ್‌ಬ್ಯಾಕರ್‌ಗಳ ಹತ್ತಿರವೇ ನಿಲ್ಲುತ್ತಿದ್ದ. ಎದುರಾಳಿಯನ್ನು ಅಕ್ರಮವಾಗಿ ಹಿಡಿದೆಳೆಯುವವರು ಅಲ್ಲಿಂದ ಚೆನ್ನಾಗಿ ಕಾಣುತ್ತಿದ್ದರು. ಆದರೆ ಆಟಗಾರರಿಗೆ ಹೆಲ್ಮೆಟ್ಟು, ಭುಜಕವಚ. ಅವನಿಗೆ ಬರೀ ಟೋಪಿ, ಪಟ್ಟೆ ಅಂಗಿ. ಪಾಸುಗಳ ಆಟ ಹೆಚ್ಚಿದಂತೆ ಮೈದಾನದ ನಡುಭಾಗವೇ ಓಟದ ದಾರಿಯಾಯಿತು, ಡಿಕ್ಕಿಗಳೂ ಹೆಚ್ಚಿದವು. 2009ರಲ್ಲಿ ಗಾಯಗೊಂಡ ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಯಿತು.

2010ರಲ್ಲಿ ಎನ್‌ಎಫ್‌ಎಲ್ ಅಂಪೈರನ್ನು ದಾಳಿ ಪಡೆಯ ಹಿಂದಕ್ಕೆ ಕಳಿಸಿತು. ಅವನು ಚೆಂಡಿಟ್ಟು ಅಷ್ಟು ದೂರ ಹಿಂದೆ ಓಡುವವರೆಗೆ ಆಟ ಕಾಯಬೇಕಲ್ಲ ಎಂದು ಪೇಟನ್ ಮ್ಯಾನಿಂಗ್‌ರಂಥ ಕ್ವಾರ್ಟರ್‌ಬ್ಯಾಕ್ ಆಕ್ಷೇಪಿಸಿದರು. ನಿಯಮದಲ್ಲೇ ಒಂದು ವಿನಾಯಿತಿಯೂ ಇತ್ತು: ಮೊದಲರ್ಧದ ಕೊನೆಯ 2 ನಿಮಿಷ, ಎರಡನೆಯ ಅರ್ಧದ ಕೊನೆಯ 5 ನಿಮಿಷ ಅವನು ಹಳೆಯ ಜಾಗಕ್ಕೇ ಮರಳಬೇಕು.

ನನ್ನನ್ನು ತಡೆದು ನಿಲ್ಲಿಸಿದ್ದು ಈ ವಿನಾಯಿತಿ. ತಂಡಗಳು ಅವಸರಪಡುವ, ಆಟ ಅತಿ ಬಿರುಸಾಗುವ ಹೊತ್ತಿಗೇ ಅವನ ರಕ್ಷಣೆ ರದ್ದು. ಆಟದ ವೇಗಕ್ಕೂ ಒಬ್ಬನ ಮೈಗೂ ನಡೆದ ಈ ಚೌಕಾಸಿ ಅಂಕಪಟ್ಟಿಯಲ್ಲಿ ಸಿಗುವುದಿಲ್ಲ, ನಿಯಮಪುಸ್ತಕವನ್ನೇ ಓದಬೇಕು.